ಇಂಗ್ಲೆಂಡಿನ ಪ್ರಥಮ ಮಹಿಳಾ ಮೇಯರ್: ಎಲಿಜಬೆತ್ ಗ್ಯಾರೆಟ್ ಆಂಡರ್ಸನ್

ಮಹನೀಯರ ಜೀವನಚರಿತ್ರೆಗಳು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹೊಸತಲ್ಲ. ಕವಿಗಳು, ವಿಜ್ಞಾನಿಗಳು, ರಾಷ್ಟ್ರನಾಯಕರು ಈ ಪುಟಗಳಲ್ಲಿ ಆಗಾಗ ಬಂದು ಹೋಗಿದ್ದಾರೆ. ಈ ಸಲ ನಾನು ಬರೆಯಹೊರಟಿರುವುದು ಒಬ್ಬ ವೈದ್ಯೆಯ ಕಥೆಯನ್ನು. ವೈದ್ಯೆಯೆಂದೇ ಲೋಕವು ಆಕೆಯನ್ನು ನೆನೆಯುತ್ತದೆ. ಅದು ಸರಿಯೂ ಹೌದು. ಆದರೆ ಆಕೆಯ ಬಾಳಿನಲ್ಲಿ ಇನ್ನೊಂದು ಎಳೆ ಉಂಟು. ಪಾರ್ಲಿಮೆಂಟಿನ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ, ಊರಿನ ಶಾಲಾಮಂಡಲಿ, ಊರಿನ ಪೌರಸಭೆ ಎಂಬ ಚಿಕ್ಕ ಬಾಗಿಲುಗಳ ಮೂಲಕ ಒಳಹೊಕ್ಕವಳು ಆಕೆ. ಆ ಎಳೆಯನ್ನು ಹಿಡಿದೇ ಈ ಲೇಖನವನ್ನು ನೇಯಬೇಕೆಂದು ನನ್ನ ಆಸೆ.

ಈ ಆಸೆ ಹುಟ್ಟಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ನನ್ನ ಸೋದರತ್ತೆಯೊಬ್ಬಳು ತನ್ನ ಊರಿನ ಗ್ರಾಮ ಪಂಚಾಯಿತಿಯ ಸದಸ್ಯೆ. ಸ್ತ್ರೀಯರಿಗೆ ಮೀಸಲಾದ ಸ್ಥಾನದಿಂದ ಗೆದ್ದವಳು. ಗೆದ್ದ ದಿನ ಹಾರ ಬಿದ್ದದ್ದು ಅವಳ ಕೊರಳಿಗೆ. ಆದರೆ ಸಭೆಗೆ ಹೋಗುತ್ತಿದ್ದವನು ನನ್ನ ಮಾವ. ಸಭೆ ಮುಗಿದ ಮೇಲೆ ನಡವಳಿಯ ಪುಸ್ತಕ ಮನೆಗೆ ಬರುತ್ತಿತ್ತು. ಅತ್ತೆ ಒಲೆಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ತೋರಿಸಿದ ಕಡೆ ರುಜು ಹಾಕುತ್ತಿದ್ದಳು. ಇದನ್ನು ನಾನು ರಜೆಯಲ್ಲಿ ಎಷ್ಟೋ ಸಲ ಕಂಡಿದ್ದೆ, ಕಂಡು ವಿಚಿತ್ರವೆನಿಸಿರಲಿಲ್ಲ. ಎಲಿಜಬೆತ್‌ಳ ಚರಿತ್ರೆಯನ್ನು ಓದಿದ ಮೇಲೆ ವಿಚಿತ್ರವೆನಿಸಿತು.

ಎಲಿಜಬೆತ್ ಗ್ಯಾರೆಟ್ ಹುಟ್ಟಿದ್ದು 1836ನೆಯ ಇಸವಿ ಜೂನ್ 9ರಂದು, ಲಂಡನ್ನಿನ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿ. ತಂದೆ ನ್ಯೂಸನ್ ಗ್ಯಾರೆಟ್ ಅಲ್ಲಿ ಗಿರವಿ ಅಂಗಡಿ ಇಟ್ಟಿದ್ದವನು. ಮಗಳು ಐದು ವರ್ಷದವಳಾಗಿದ್ದಾಗ ಆತ ಸಂಸಾರ ಸಮೇತ ಸಫಕ್ ಪ್ರಾಂತದ ಸಮುದ್ರತೀರದ ಆಲ್ಡ್‌ಬರೋ ಎಂಬ ಸಣ್ಣ ಊರಿಗೆ ಬಂದು ನೆಲಸಿದನು. ಅಲ್ಲಿ ಬಾರ್ಲಿ ಮತ್ತು ಕಲ್ಲಿದ್ದಲಿನ ವ್ಯಾಪಾರ ಕೈಗೂಡಿತು. ಸಮೀಪದ ಸ್ನೇಪ್ ಎಂಬಲ್ಲಿ ಬಾರ್ಲಿಯನ್ನು ಮೊಳಕೆ ಕಟ್ಟಿಸಿ ಒಣಗಿಸುವ ದೊಡ್ಡ ಕಾರ್ಖಾನೆಯನ್ನೂ ಕಟ್ಟಿಸಿದನು. ಮನೆಯ ತುಂಬ ಮಕ್ಕಳು. ಆ ಮಕ್ಕಳಲ್ಲಿ ಎಲಿಜಬೆತ್ ಎರಡನೆಯವಳು. ಆಕೆಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳಾದ ಮಿಲಿಸೆಂಟ್, ಮುಂದೆ ಮಿಲಿಸೆಂಟ್ ಫಾಸೆಟ್ ಎಂಬ ಹೆಸರಿನಿಂದ ಇಂಗ್ಲೆಂಡಿನ ಮತಾಧಿಕಾರ ಚಳವಳಿಯ ನಾಯಕಿಯಾದಳು. ಒಂದೇ ಬಸಿರಿನಿಂದ ಇಬ್ಬರು ಇಂಥ ಹೆಣ್ಣುಮಕ್ಕಳು ಬಂದದ್ದು ಆ ಮನೆಯ ಭಾಗ್ಯವೇ ಸರಿ.

ಆ ಕಾಲದ ವರ್ತಕರ ಮನೆಯ ಹುಡುಗಿಗೆ ದೊರೆಯುತ್ತಿದ್ದ ವಿದ್ಯೆ ಎಷ್ಟು? ಮನೆಗೆ ಬರುವ ಒಬ್ಬ ಉಪಾಧ್ಯಾಯಿನಿ, ಆಮೇಲೆ ಎರಡು ವರ್ಷ ಬ್ಲ್ಯಾಕ್‌ಹೀತ್‌ನ ಒಂದು ವಸತಿಶಾಲೆ, ಅಷ್ಟು. ಹದಿಹರೆಯ ಮುಗಿಯುವುದರೊಳಗೆ ಶಾಲೆಯೂ ಮುಗಿಯಿತು. ಮುಂದಿನದು ಮದುವೆಗಾಗಿ ಕಾಯುವ ಕೆಲಸ. ಎಲಿಜಬೆತ್ ಆ ಕಾಯುವ ವರ್ಷಗಳಲ್ಲಿ ತಾನೇ ಲ್ಯಾಟಿನ್ನನ್ನೂ ಗಣಿತವನ್ನೂ ಓದಿಕೊಂಡಳು. ಆಗ ಗೆಳತಿಯಾಗಿ ದೊರೆತವಳು ಎಮಿಲಿ ಡೇವಿಸ್. ಮುಂದೆ ಹೆಂಗಸರಿಗಾಗಿ ಗರ್ಟನ್ ಕಾಲೇಜನ್ನು ಸ್ಥಾಪಿಸಿದವಳು. ಈ ಗೆಳತಿಯರ ವಿಷಯವಾಗಿ ಒಂದು ದಂತಕಥೆ ಉಂಟು. ಒಂದು ರಾತ್ರಿ ಗ್ಯಾರೆಟ್‌ರ ಮನೆಯಲ್ಲಿ ಬೆಂಕಿಯ ಮುಂದೆ ಕುಳಿತು ಎಮಿಲಿಯು ಕೆಲಸ ಹಂಚಿದಳಂತೆ. ಉಚ್ಚಶಿಕ್ಷಣದ ಬಾಗಿಲನ್ನು ತೆರೆಯುವ ಹೊಣೆ ತನ್ನದು; ವೈದ್ಯವೃತ್ತಿಯ ಬಾಗಿಲು ಎಲಿಜಬೆತ್‌ಳದು; ಅವೆರಡೂ ಆದ ಮೇಲೆ ಮತಾಧಿಕಾರದ ಬಾಗಿಲು. ಅದು ಪಕ್ಕದಲ್ಲಿದ್ದ ಪುಟ್ಟ ಮಿಲಿಸೆಂಟಳ ಪಾಲಿಗೆ ಬಂತಂತೆ. ಕಥೆ ನಿಜವೋ ಕಟ್ಟಿದ್ದೋ, ಮೂವರೂ ಅವರವರ ಪಾಲಿನ ಕೆಲಸವನ್ನು ಮಾಡಿಯೇ ತೀರಿದರು ಎಂಬುದು ಮಾತ್ರ ಇತಿಹಾಸ.

1859ರಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬ ವೈದ್ಯೆ ಲಂಡನ್ನಿನಲ್ಲಿ ಉಪನ್ಯಾಸಗಳನ್ನು ಕೊಟ್ಟಳು. ಅಮೆರಿಕದಲ್ಲಿ ಪದವಿ ಪಡೆದ ಪ್ರಥಮ ಮಹಿಳಾ ವೈದ್ಯೆ ಈಕೆ. ಕೇಳಲು ಹೋದ ಎಲಿಜಬೆತ್ ಗ್ಯಾರೆಟ್‌ಳ ಮನಸ್ಸು ಅಂದೇ ನಿಶ್ಚಯಕ್ಕೆ ಬಂದಿತೆಂದು ಹೇಳಬಹುದು. ಮಗಳು ವೈದ್ಯಳಾಗುವೆನೆಂದಾಗ ತಂದೆಗೆ ಮೊದಲು ಹೇಸಿಗೆಯಾಯಿತು. ಆದರೆ ನ್ಯೂಸನ್ ಗ್ಯಾರೆಟ್ ಹಟಮಾರಿ. ಆ ಹಟ ಮಗಳಿಗೂ ಬಂದಿತ್ತು. ಇಬ್ಬರೂ ಲಂಡನ್ನಿನ ಹೆಸರಾಂತ ವೈದ್ಯರ ಮನೆಗಳಿಗೆ ಹೋದರು. ಎಲ್ಲ ಕಡೆಯೂ ನಗೆಯೋ ತಿರಸ್ಕಾರವೋ ದೊರೆಯಿತು. ತನ್ನ ಮಗಳನ್ನು ಪರರು ಹೀಗೆ ಹಗುರವಾಗಿ ಕಂಡದ್ದೇ ತಡ, ತಂದೆಯ ಮನಸ್ಸು ತಿರುಗಿತು. ಅಂದಿನಿಂದ ಆತನೇ ಆಕೆಯ ದೊಡ್ಡ ಆಸರೆ.

1860ರಲ್ಲಿ ಆಕೆ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ದಾದಿಯಾಗಿ ಸೇರಿದಳು. ಹೆಸರಿಗೆ ದಾದಿ, ಮನಸ್ಸಿನಲ್ಲಿ ವಿದ್ಯಾರ್ಥಿನಿ. ಕ್ರಮೇಣ ಉಪನ್ಯಾಸಗಳಿಗೂ ಶಸ್ತ್ರಚಿಕಿತ್ಸೆಯ ಕೊಠಡಿಗೂ ಪ್ರವೇಶ ದೊರೆಯಿತು. ಮೂಲೆಯಲ್ಲಿ ಕುಳಿತು ಕೇಳುವಷ್ಟು ದಿನ ಯಾರ ಆಕ್ಷೇಪವೂ ಇರಲಿಲ್ಲ. ಒಂದು ದಿನ ಪರೀಕ್ಷಕನು ಕೇಳಿದ ಪ್ರಶ್ನೆಗೆ ತರಗತಿಯಲ್ಲಿ ಬೇರಾರೂ ಉತ್ತರಿಸಲಾರದೆ ಹೋದಾಗ ಆಕೆ ಉತ್ತರಿಸಿದಳು. ಅಲ್ಲಿಗೆ ಸಹನೆ ಮುಗಿಯಿತು. ಗಂಡು ವಿದ್ಯಾರ್ಥಿಗಳು ಅರ್ಜಿ ಬರೆದು, 1861ರಲ್ಲಿ ಆಕೆಯನ್ನು ಆಸ್ಪತ್ರೆಯಿಂದ ಹೊರಡಿಸಿದರು. ಹೆಣ್ಣು ಒಳಗೆ ಬರುವುದಕ್ಕಿಂತ ಹೆಣ್ಣು ಉತ್ತರ ಹೇಳುವುದೇ ಹೆಚ್ಚು ಸಹಿಸಲಾಗದ ಸಂಗತಿ ಎಂದು ಇದರಿಂದ ತಿಳಿಯುತ್ತದೆ.

ವಿಶ್ವವಿದ್ಯಾನಿಲಯಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆಗ ಎಲಿಜಬೆತ್ ಕಂಡುಕೊಂಡ ದಾರಿ ನಮ್ಮಂಥ ವಿದ್ಯಾರ್ಥಿಗಳು ಗಮನಿಸಬೇಕಾದದ್ದು. ಆಕೆ ಗೋಡೆಗೆ ತಲೆ ಗಟ್ಟಿಸಲಿಲ್ಲ. ಕಾಯಿದೆಯ ಪುಸ್ತಕವನ್ನು ಬಿಡಿಸಿದಳು. ಔಷಧಗಾರರ ಸಂಘವೆಂಬ ಪುರಾತನ ಸಂಸ್ಥೆಗೆ ವೈದ್ಯರಿಗೆ ಪರವಾನಗಿ ಕೊಡುವ ಅಧಿಕಾರವಿತ್ತು. ಅದರ ಸನ್ನದಿನಲ್ಲಿ ಪರೀಕ್ಷೆಗೆ ಬರತಕ್ಕವರು ಪುರುಷರೆಂದು ಬರೆದಿರಲಿಲ್ಲ, ವ್ಯಕ್ತಿಗಳು ಎಂದಿತ್ತು. ಹೆಣ್ಣೂ ವ್ಯಕ್ತಿಯಲ್ಲವೆ? ಖಾಸಗಿಯಾಗಿ ಪ್ರಾಧ್ಯಾಪಕರಿಂದ ಪಾಠ ಹೇಳಿಸಿಕೊಂಡು, ಷರತ್ತುಗಳನ್ನೆಲ್ಲ ಪೂರೈಸಿ, ಆಕೆ ಪರೀಕ್ಷೆಗೆ ನಿಂತಳು. ಸಂಘ ಹಿಂದೆಗೆದಾಗ ತಂದೆ ನ್ಯಾಯಾಲಯಕ್ಕೆ ಹೋಗುವುದಾಗಿ ಬೆದರಿಸಿದನು. 1865ರ ಸೆಪ್ಟೆಂಬರಿನಲ್ಲಿ ಪರವಾನಗಿ ಕೈಸೇರಿತು. ಹೆಣ್ಣೆಂದು ಬಹಿರಂಗವಾಗಿ ತಿಳಿಸಿ, ಬ್ರಿಟನ್ನಿನಲ್ಲೇ ಪರೀಕ್ಷೆ ಕೊಟ್ಟು ವೈದ್ಯಳಾದವರಲ್ಲಿ ಆಕೆಯೇ ಮೊದಲಿಗಳು. ಆಕೆಯ ಹಿಂದೆಯೇ ಸಂಘವು ನಿಯಮವನ್ನು ತಿದ್ದಿ, ಖಾಸಗಿ ಪಾಠ ಸಲ್ಲದೆಂದು ಆ ದಾರಿಯನ್ನು ಮುಚ್ಚಿಬಿಟ್ಟಿತು. ಒಂದು ಮಾತಿನ ಸಂದಿಯಲ್ಲಿ ಒಬ್ಬಳು ನುಸುಳಿದ್ದಳು, ಅಷ್ಟೆ.

1866ರಲ್ಲಿ ಲಂಡನ್ನಿನ ಮ್ಯಾರಿಲಬೋನ್ ಭಾಗದಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಸೇಂಟ್ ಮೇರಿ ಔಷಧಾಲಯವನ್ನು ತೆರೆದಳು. ಅದು ಕಾಲರಾ ಹರಡಿದ್ದ ವರ್ಷ. ಮೊದಲ ಒಂದೇ ವರ್ಷದಲ್ಲಿ 3000 ಹೊಸ ರೋಗಿಗಳು ಬಂದರು. ಅವರ ಭೇಟಿಗಳ ಸಂಖ್ಯೆ 9300. ಗಂಡಸಿನ ಮುಂದೆ ಹೇಳಲಾಗದ ಬೇನೆಗಳನ್ನು ವರ್ಷಗಟ್ಟಲೆ ಅನುಭವಿಸಿದ್ದ ತಾಯಂದಿರಿಗೆ ಹೆಣ್ಣು ವೈದ್ಯೆ ದೊರೆತದ್ದು ದೇವರೇ ಬಂದಂತಾಗಿರಬೇಕು. ಈ ಔಷಧಾಲಯದ ಬೆಂಚಿನ ಮೇಲೆ ಕಾದು ಕುಳಿತ ಹೆಂಗಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರ ಗಂಡಂದಿರು ಮುಂದೆ ಈ ಕಥೆಯಲ್ಲಿ ಬರಲಿದ್ದಾರೆ.

ಅದೇ 1866ರ ಜೂನ್ ತಿಂಗಳಲ್ಲಿ ಇನ್ನೊಂದು ಘಟನೆ. ಹೆಂಗಸರಿಗೂ ಪಾರ್ಲಿಮೆಂಟಿನ ಮತ ಬೇಕೆಂದು ಸುಮಾರು 1500 ಸ್ತ್ರೀಯರು ರುಜು ಮಾಡಿದ ಮನವಿಯನ್ನು ಎಮಿಲಿ ಡೇವಿಸ್ ಮತ್ತು ಎಲಿಜಬೆತ್ ವೆಸ್ಟ್‌ಮಿನ್‌ಸ್ಟರಿಗೆ ಒಯ್ದರು. ಆ ದೊಡ್ಡ ಸುರುಳಿಯನ್ನು ಹಿಡಿದು ನಿಲ್ಲಲು ನಾಚಿ, ಅಲ್ಲಿ ಸೇಬು ಮಾರುತ್ತಿದ್ದ ಮುದುಕಿಯೊಬ್ಬಳ ಮೇಜಿನ ಕೆಳಗೆ ಬಚ್ಚಿಟ್ಟಿದ್ದರೆಂದು ಹೇಳುತ್ತಾರೆ. ಜಾನ್ ಸ್ಟುವರ್ಟ್ ಮಿಲ್ ಮಹಾಶಯನು ಅದನ್ನು ಸ್ವೀಕರಿಸಿ ಸಭೆಯ ಮುಂದಿಟ್ಟನು. ಮರುವರ್ಷ ಆತ ತಂದ ತಿದ್ದುಪಡಿಯೂ ಸೋತಿತು. ದೊಡ್ಡ ಬಾಗಿಲು ತೆರೆಯಲಿಲ್ಲ.

ಆದರೆ ಪಕ್ಕದ ಒಂದು ಸಣ್ಣ ಬಾಗಿಲು ಸದ್ದಿಲ್ಲದೆ ತೆರೆಯಿತು. 1835ರ ಪೌರಸಭೆಗಳ ಕಾಯಿದೆ ಮತದಾರರು ಗಂಡಸರೇ ಆಗಿರಬೇಕೆಂದು ವಿಧಿಸಿತ್ತು. 1869ರಲ್ಲಿ ಅದನ್ನು ತಿದ್ದಿ, ಕಂದಾಯ ತೆರುವ ಹೆಂಗಸರಿಗೂ ಊರಿನ ಪೌರಸಭೆಯ ಚುನಾವಣೆಯಲ್ಲಿ ಮತ ಕೊಡಲಾಯಿತು. 1872ರಲ್ಲಿ ನ್ಯಾಯಾಲಯವು ಈ ಹಕ್ಕು ಅವಿವಾಹಿತೆಯರಿಗೂ ವಿಧವೆಯರಿಗೂ ಮಾತ್ರವೆಂದು ಮೊಟಕುಮಾಡಿತು. ಹೀಗಿದ್ದರೂ ಆರಂಭವಾಯಿತು. ಬೀದಿಯ ದೀಪ, ಚರಂಡಿ, ನೀರು ಇವು ಮನೆವಾರ್ತೆಯ ವಿಸ್ತಾರವೇ ಆದ್ದರಿಂದ ಹೆಣ್ಣು ಅಲ್ಲಿ ಮತ ಕೊಟ್ಟರೆ ಸಾಮ್ರಾಜ್ಯವೇನೂ ಮುಳುಗದೆಂದು ಪಾರ್ಲಿಮೆಂಟಿನ ಗಂಡಸರು ಭಾವಿಸಿರಬೇಕು. ಚಿಕ್ಕದೆಂದು ಬಗೆದು ಬಿಟ್ಟುಕೊಟ್ಟದ್ದೇ ದೊಡ್ಡದಕ್ಕೆ ಮೆಟ್ಟಿಲಾಯಿತು.

ಮರುವರ್ಷವೇ ಎರಡನೆಯ ಬಾಗಿಲು. 1870ರ ಪ್ರಾಥಮಿಕ ಶಿಕ್ಷಣದ ಕಾಯಿದೆಯ ಪ್ರಕಾರ ಊರೂರಿಗೂ ಚುನಾಯಿತ ಶಾಲಾಮಂಡಲಿಗಳು ಏರ್ಪಟ್ಟವು. ಈ ಮಂಡಲಿಗಳಿಗೆ ತೆರಿಗೆ ಹಾಕಿಸುವ, ಶಾಲೆ ಕಟ್ಟಿಸುವ, ಮಕ್ಕಳು ಶಾಲೆಗೆ ಬರಲೇಬೇಕೆಂದು ಉಪನಿಯಮ ಮಾಡುವ ಅಧಿಕಾರಗಳಿದ್ದವು. ಇವಕ್ಕೆ ಹೆಂಗಸರು ಮತ ಕೊಡಬಹುದಿತ್ತು. ಮಾತ್ರವಲ್ಲ, ಸ್ವತಃ ನಿಲ್ಲಲೂಬಹುದಿತ್ತು. ಎಲ್ಲಕ್ಕೂ ದೊಡ್ಡದು 49 ಸದಸ್ಯರ ಲಂಡನ್ ಶಾಲಾಮಂಡಲಿ.

ಇಲ್ಲಿಯೇ ಔಷಧಾಲಯದ ಹೆಂಗಸರ ಗಂಡಂದಿರು ಬರುತ್ತಾರೆ. ಮ್ಯಾರಿಲಬೋನ್ ಭಾಗದ ಕೂಲಿಕಾರರ ಸಂಘದವರು ವೈದ್ಯೆಯ ಮನೆಗೆ ಬಂದು, ಚುನಾವಣೆಗೆ ನಿಲ್ಲಬೇಕೆಂದು ಬೇಡಿಕೊಂಡರು. ತಮ್ಮ ಹೆಂಡಿರು ಮಕ್ಕಳನ್ನು ಉಳಿಸಿದವಳೇ ತಮ್ಮ ಮಕ್ಕಳ ಶಾಲೆಯನ್ನೂ ನೋಡಿಕೊಳ್ಳಲಿ ಎಂಬುದು ಅವರ ಅಭಿಪ್ರಾಯ. ಎಲಿಜಬೆತ್ ಆ ವರ್ಷದ ಜೂನ್ ತಿಂಗಳಲ್ಲಷ್ಟೇ ಪ್ಯಾರಿಸ್ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು, ಫ್ರೆಂಚ್ ಭಾಷೆಯಲ್ಲೇ ಪರೀಕ್ಷೆ ಕೊಟ್ಟು, ಪಡೆದು ಬಂದಿದ್ದಳು. ಸಾರ್ವಜನಿಕ ವೇದಿಕೆಯ ಮೇಲೆ ಹೆಣ್ಣು ನಿಂತು ಮತ ಕೇಳುವುದೆಂದರೆ ಆಗ ಕಂಡು ಕೇಳದ ಮಾತು. ಆಕೆ ಒಪ್ಪಿದಳು. ಚುನಾವಣಾ ಸಮಿತಿಗೆ ಅಧ್ಯಕ್ಷನಾದವನು ಜೇಮ್ಸ್ ಸ್ಕೆಲ್ಟನ್ ಆಂಡರ್ಸನ್ ಎಂಬ ಹಡಗು ಕಂಪನಿಯ ಯಜಮಾನ.

ಚುನಾವಣೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ಮ್ಯಾರಿಲಬೋನಿಗೆ ಏಳು ಸ್ಥಾನ. ಪ್ರತಿ ಮತದಾರನಿಗೂ ಏಳು ಮತ. ಆ ಏಳನ್ನೂ ಏಳು ಜನರಿಗೆ ಹಂಚಬಹುದು, ಇಲ್ಲವೆ ಒಬ್ಬರಿಗೇ ಸುರಿಯಬಹುದು. ಈ ಪದ್ಧತಿಯಿಂದ ಒಂದು ಊರಿನಲ್ಲಿ ಅಲ್ಪಸಂಖ್ಯೆಯಲ್ಲಿರುವವರೂ ಒಟ್ಟಾದರೆ ತಮ್ಮವರೊಬ್ಬರನ್ನು ಗೆಲ್ಲಿಸಿಕೊಳ್ಳಬಹುದಿತ್ತು. 1870ರ ನವೆಂಬರ್ ಕೊನೆಯಲ್ಲಿ ಎಣಿಕೆಯಾದಾಗ ಎಲಿಜಬೆತ್ ಗ್ಯಾರೆಟ್‌ಳಿಗೆ ಬಂದಿದ್ದ ಮತಗಳು 47,858. ಆಕೆಯ ನಂತರ ಎರಡನೆಯ ಸ್ಥಾನದಲ್ಲಿ ಬಂದವನು ಯಾರೆಂದು ತಿಳಿದರೆ ನಮ್ಮ ವಿಜ್ಞಾನದ ಅಧ್ಯಾಪಕರು ಬೆರಗಾಗಬಹುದು: ಜಗತ್ಪ್ರಸಿದ್ಧ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್ಲಿ. ಆತನಿಗೆ ಬಂದದ್ದು 13,494. ಒಬ್ಬೊಬ್ಬರು ಏಳೇಳು ಮತ ಕೊಟ್ಟಿರಬಹುದಾದ್ದರಿಂದ ಇವು ಜನರ ತಲೆಯೆಣಿಕೆಯಲ್ಲವೆಂಬುದು ನಿಜ. ಆದರೂ ಲಂಡನ್ ನಗರದಲ್ಲೆಲ್ಲ ಅಷ್ಟು ಮತ ಬೇರೆ ಯಾರಿಗೂ ಬರಲಿಲ್ಲ. ಗೆಳತಿ ಎಮಿಲಿ ಡೇವಿಸ್ ಗ್ರೀನಿಚ್ ಭಾಗದಿಂದ ಗೆದ್ದಳು. ಮ್ಯಾಂಚೆಸ್ಟರಿನಲ್ಲಿ ಲಿಡಿಯಾ ಬೆಕರ್ ಗೆದ್ದಳು. ವಿಶ್ವವಿದ್ಯಾನಿಲಯಗಳು ಬೇಡವೆಂದವಳನ್ನು ಬಡವರ ಕೇರಿಯ ಕಂದಾಯಗಾರರು ಬೇಕೆಂದರು!

ಗೆಲುವಿನ ಬೆನ್ನಲ್ಲೇ, 1871ರ ಫೆಬ್ರವರಿ 9ರಂದು, ಆಂಡರ್ಸನ್ನನೊಡನೆ ಆಕೆಯ ಮದುವೆಯಾಯಿತು. ಮದುವೆಯಾದ ಮೇಲೆ ಈಕೆ ಎಲ್ಲವನ್ನೂ ಬಿಡುವಳೆಂದು ಕೆಲವರು ನಿಟ್ಟುಸಿರಿಟ್ಟರು. ಮತ್ತೆ ಕೆಲವರು ನೆಮ್ಮದಿಯ ಉಸಿರು ಬಿಟ್ಟರು. ಇಬ್ಬರ ಲೆಕ್ಕವೂ ತಪ್ಪಿತು. ಹೆಸರಿಗೆ ಆಂಡರ್ಸನ್ ಎಂದು ಸೇರಿಸಿಕೊಂಡಳು. ಗ್ಯಾರೆಟ್ ಎಂಬುದನ್ನು ಬಿಡಲಿಲ್ಲ. ಔಷಧಾಲಯವನ್ನೂ ಬಿಡಲಿಲ್ಲ. ಶಾಲಾಮಂಡಲಿಯ ಕುರ್ಚಿಯಲ್ಲಿ ತಾನೇ ಕುಳಿತಳು. 1872ರಲ್ಲಿ ಔಷಧಾಲಯದ ಮಹಡಿಯ ಮೇಲೆ ಹತ್ತು ಹಾಸಿಗೆಗಳನ್ನು ಹಾಕಿ ಹೆಂಗಸರ ಹೊಸ ಆಸ್ಪತ್ರೆಯನ್ನು ಆರಂಭಿಸಿದಳು. ಅಲ್ಲಿ ರೋಗಿಗಳೂ ಹೆಂಗಸರೇ, ವೈದ್ಯರೂ ಹೆಂಗಸರೇ.

ಆದರೆ ಬಾಳು ಎಲ್ಲವನ್ನೂ ಒಮ್ಮೆಗೆ ಕೊಡುವುದಿಲ್ಲ. 1873ರಲ್ಲಿ ಮಗಳು ಲೂಯಿಸಾ ಹುಟ್ಟಿದಳು. ಆಸ್ಪತ್ರೆ, ವೃತ್ತಿ, ಕೂಸು, ಮಂಡಲಿ ಈ ನಾಲ್ಕನ್ನೂ ಹೊರಲಾಗದೆ ಆ ವರ್ಷದ ಚುನಾವಣೆಗೆ ಆಕೆ ಮತ್ತೆ ನಿಲ್ಲಲಿಲ್ಲ. ಎರಡನೆಯ ಮಗಳು ಮಾರ್ಗರೆಟ್ 1875ರಲ್ಲಿ ಮೆದುಳಿನ ಪೊರೆಯ ಉರಿಯೂತದಿಂದ ತೀರಿಕೊಂಡಳು. ಸಾವಿರಾರು ತಾಯಂದಿರ ಮಕ್ಕಳನ್ನು ಉಳಿಸಿದ ವೈದ್ಯೆಗೆ ತನ್ನ ಕೂಸನ್ನು ಉಳಿಸಿಕೊಳ್ಳಲಾಗಲಿಲ್ಲ. 1877ರಲ್ಲಿ ಮಗ ಆಲನ್ ಹುಟ್ಟಿದನು.

ಆಕೆಯ ಎಲ್ಲ ನಡೆಯೂ ನಮಗೆ ಒಪ್ಪಿಗೆಯಾಗಬೇಕಿಲ್ಲ. ಸೈನಿಕರ ಠಾಣ್ಯಗಳಿದ್ದ ಊರುಗಳಲ್ಲಿ ವೇಶ್ಯೆಯರೆಂದು ಶಂಕಿಸಿದ ಹೆಂಗಸರನ್ನು ಬಲಾತ್ಕಾರವಾಗಿ ಪರೀಕ್ಷಿಸುವ ಕಾಯಿದೆಗಳು ಆಗ ಜಾರಿಯಲ್ಲಿದ್ದವು. ಜೋಸೆಫಿನ್ ಬಟ್ಲರ್ ಮುಂತಾದವರು ಅವುಗಳ ವಿರುದ್ಧ ಹೋರಾಡುತ್ತಿದ್ದಾಗ, ರೋಗ ಹರಡುವುದನ್ನು ತಡೆಯಬೇಕೆಂಬ ವೈದ್ಯದೃಷ್ಟಿಯಿಂದ ಎಲಿಜಬೆತ್ ಆ ಕಾಯಿದೆಗಳ ಪರ ನಿಂತಳು. ಗಂಡನ್ನು ಬಿಟ್ಟು ಹೆಣ್ಣನ್ನಷ್ಟೇ ಹಿಡಿದು ಪರೀಕ್ಷಿಸುವುದು ಯಾವ ನ್ಯಾಯ? ಆ ಕಾಯಿದೆಗಳು 1886ರಲ್ಲಿ ರದ್ದಾದವು. ದೊಡ್ಡವರ ಚರಿತ್ರೆಯಲ್ಲಿ ಇಂಥ ಪುಟವನ್ನು ಹರಿದು ಹಾಕಿ ಓದುವುದು ಪ್ರಾಮಾಣಿಕತೆಯಲ್ಲ.

ವೈದ್ಯಕ್ಷೇತ್ರದಲ್ಲಿ ಆಕೆಯ ಮುಂದಿನ ಸಾಧನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1873ರಲ್ಲಿ ಬ್ರಿಟಿಷ್ ವೈದ್ಯಸಂಘವು ಆಕೆಯನ್ನು ಸದಸ್ಯಳಾಗಿ ಸೇರಿಸಿಕೊಂಡಿತು. 1878ರಲ್ಲಿ ಎಚ್ಚೆತ್ತು, ಇನ್ನು ಹೆಂಗಸರು ಬೇಡವೆಂದು ನಿರ್ಣಯಿಸಿತು. ಹೀಗಾಗಿ ಹತ್ತೊಂಬತ್ತು ವರ್ಷ, 1892ರವರೆಗೆ, ಸಹಸ್ರಾರು ಗಂಡಸರ ನಡುವೆ ಆಕೆಯೊಬ್ಬಳೇ ಹೆಣ್ಣು. 1874ರಲ್ಲಿ ಸೋಫಿಯಾ ಜೆಕ್ಸ್‌ಬ್ಲೇಕ್ ಲಂಡನ್ನಿನಲ್ಲಿ ಹೆಂಗಸರ ವೈದ್ಯಶಾಲೆಯನ್ನು ಸ್ಥಾಪಿಸಿದಳು. 1883ರಿಂದ 1903ರವರೆಗೆ ಇಪ್ಪತ್ತು ವರ್ಷ ಎಲಿಜಬೆತ್ ಅದರ ಡೀನ್ ಆಗಿದ್ದಳು. ಆ ಶಾಲೆಯ ಋಣ ನಮ್ಮ ದೇಶಕ್ಕೂ ಉಂಟು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದು ಆರಂಭಿಸಿದ ಮೇರಿ ಶಾರ್ಲಿಬ್ ಅಲ್ಲಿ ಪದವಿಯ ವ್ಯಾಸಂಗ ಮುಗಿಸಿ ಮದರಾಸಿಗೆ ಮರಳಿ, ಗೋಷಾ ಹೆಂಗಸರಿಗಾಗಿ ಆಸ್ಪತ್ರೆ ತೆರೆಯಿಸಿದಳು. ಬಾಲ್ಯದಲ್ಲಾದ ಮದುವೆಯನ್ನು ಒಪ್ಪದೆ ಮುಂಬಯಿಯ ನ್ಯಾಯಾಲಯದಲ್ಲಿ ಹೋರಾಡಿದ ರಖ್ಮಾಬಾಯಿಯು ವೈದ್ಯಳಾದದ್ದೂ, 1894ರಲ್ಲಿ ಮುಗಿಸಿದ್ದೂ ಅದೇ ಶಾಲೆಯಲ್ಲಿ, ಎಲಿಜಬೆತ್‌ಳ ಆಡಳಿತದ ಕಾಲದಲ್ಲಿ.

ಇತ್ತ ಊರಾಡಳಿತದ ಬಾಗಿಲುಗಳು ಒಂದೊಂದಾಗಿ ಬಿರಿಯುತ್ತಿದ್ದವು. 1875ರಲ್ಲಿ ಕೆನ್ಸಿಂಗ್ಟನ್ನಿನಲ್ಲಿ ಮಾರ್ಥಾ ಮೆರಿಂಗ್ಟನ್ ಎಂಬಾಕೆ ಬಡವರ ಪೋಷಣಾ ಮಂಡಲಿಗೆ ಚುನಾಯಿತಳಾದಳು. ಆ ಹುದ್ದೆಗೆ ಬಂದ ಪ್ರಥಮ ಮಹಿಳೆ. ಲಂಡನ್ ಶಾಲಾಮಂಡಲಿಗೆ 1888ರಲ್ಲಿ ಚುನಾಯಿತಳಾದವಳು ನಮಗೆಲ್ಲ ಪರಿಚಿತಳಾದ ಆನಿ ಬೆಸೆಂಟ್. ಹಸಿದ ಮಕ್ಕಳಿಗೆ ಪಾಠ ಹತ್ತದೆಂದು ಅರಿತು, ಶಾಲೆಯಲ್ಲಿ ಊಟ ಕೊಡಿಸಲು ಆಕೆ ದುಡಿದಳು. ಆದರೆ ಮೇಲೇರುವ ಪ್ರತಿ ಮೆಟ್ಟಿಲಲ್ಲೂ ಕಾಲೆಳೆಯುವವರಿದ್ದರು. 1889ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿಗೆ ಲೇಡಿ ಸ್ಯಾಂಡ್‌ಹರ್ಸ್ಟ್ ಗೆದ್ದು ಬಂದಾಗ, ಸೋತ ಗಂಡಸು ನ್ಯಾಯಾಲಯಕ್ಕೆ ಹೋಗಿ, ಹೆಣ್ಣಿಗೆ ಆ ಸ್ಥಾನ ಸಲ್ಲದೆಂದು ತೀರ್ಪು ತಂದನು. ಮತ ಕೊಡಬಹುದು, ಮತ ಪಡೆಯಬಾರದು! 1894ರ ಸ್ಥಳೀಯ ಸರ್ಕಾರಗಳ ಕಾಯಿದೆಯು ವಿವಾಹಿತೆಯರಿಗೂ ಊರಿನ ಮತವನ್ನು ಕೊಟ್ಟು, ಗ್ರಾಮಸಭೆಗಳಿಗೂ ಜಿಲ್ಲಾ ಉಪವಿಭಾಗದ ಸಭೆಗಳಿಗೂ ಹೆಂಗಸರು ನಿಲ್ಲಬಹುದೆಂದಿತು. ಕೊನೆಗೆ 1907ರ ಕಾಯಿದೆಯು ಪೌರಸಭೆಗಳನ್ನೂ ಕೌಂಟಿ ಕೌನ್ಸಿಲುಗಳನ್ನೂ ಅವರಿಗೆ ತೆರೆಯಿತು.

ಅಷ್ಟರಲ್ಲಿ ಎಲಿಜಬೆತ್ 1902ರಲ್ಲೇ ಲಂಡನ್ನನ್ನು ಬಿಟ್ಟು, ಬಾಲ್ಯದ ಊರಾದ ಆಲ್ಡ್‌ಬರೋಗೆ ಬಂದು ನೆಲಸಿದ್ದಳು. ಆ ಊರಿನ ಮೇಯರ್ ಪದವಿಯಲ್ಲಿ ತಂದೆ ಕುಳಿತಿದ್ದನು. ಆಮೇಲೆ ಗಂಡ ಕುಳಿತನು. 1907ರಲ್ಲಿ ಗಂಡ ತೀರಿಕೊಂಡನು. ಮರುವರ್ಷ, 1908ರ ನವೆಂಬರ್ 9ರಂದು, ಆಲ್ಡ್‌ಬರೋ ಪೌರಸಭೆಯು ಎಲಿಜಬೆತ್ ಗ್ಯಾರೆಟ್ ಆಂಡರ್ಸನ್‌ಳನ್ನು ಮೇಯರಾಗಿ ಆರಿಸಿತು. ಆಗ ಆಕೆಗೆ 72 ವರ್ಷ. ಇಂಗ್ಲೆಂಡಿನಲ್ಲಿ ಹೆಣ್ಣೊಬ್ಬಳು ಮೇಯರಾದದ್ದು ಅದೇ ಮೊದಲು. ಊರಿನ ಆರೋಗ್ಯವನ್ನು ನೋಡಿಕೊಳ್ಳಲು ನಾಲ್ವತ್ತು ವರ್ಷದ ಅನುಭವವುಳ್ಳ ವೈದ್ಯೆಗಿಂತ ತಕ್ಕವರು ಯಾರಿದ್ದರು?

ಗಮನಿಸಬೇಕಾದ ಕಹಿ ಸಂಗತಿಯೂ ಒಂದುಂಟು. ಪೌರಸಭೆಗೆ ಬರಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂಬ ನಿಯಮದಿಂದ ಗಂಡನಿದ್ದ ಹೆಂಗಸರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಮನೆಯ ಕಂದಾಯ ಗಂಡನ ಹೆಸರಿನಲ್ಲಿ, ಆದ್ದರಿಂದ ಪಟ್ಟಿಯಲ್ಲಿ ಗಂಡನ ಹೆಸರು. ಲೋಕವು ಅರ್ಧಾಂಗಿಯೆಂದು ಹೊಗಳುತ್ತಿದ್ದ ಹೆಂಡತಿಗೆ ಸಿಗದ ಹಕ್ಕು ವಿಧವೆಗೆ ಸಿಗುತ್ತಿತ್ತು. ಕಾಯಿದೆಯೊಂದು ಬಾಗಿಲನ್ನು ತೆರೆದರೂ ಹೊಸಿಲನ್ನು ಎತ್ತರಿಸಿಟ್ಟರೆ ಹೀಗಾಗುತ್ತದೆ.

ಮೇಯರ್ ಪದವಿಯಲ್ಲಿ ಸುಖವಾಗಿ ಕುಳಿತಿರಬಹುದಾಗಿದ್ದ ಮುದುಕಿ, ತಂಗಿಯ ಶಾಂತಮಾರ್ಗವನ್ನು ಬಿಟ್ಟು, ಪ್ಯಾಂಕ್‌ಹರ್ಸ್ಟಳ ಉಗ್ರ ಪಂಗಡದೊಡನೆ ಕೆಲವು ಕಾಲ ಸೇರಿದಳು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿಗೆ ಹೊರಟ ಮಹಿಳೆಯರ ಮೊದಲ ತಂಡದಲ್ಲಿ, ಪ್ಯಾಂಕ್‌ಹರ್ಸ್ಟಳ ಪಕ್ಕದಲ್ಲಿ, 74 ವರ್ಷದ ಎಲಿಜಬೆತ್ ನಡೆದಳು. ಪಂಜಾಬಿನ ಮಹಾರಾಜ ರಣಜಿತ್ ಸಿಂಗನ ಮೊಮ್ಮಗಳಾದ ಸೋಫಿಯಾ ದುಲೀಪ್ ಸಿಂಗಳೂ ಅದೇ ತಂಡದಲ್ಲಿದ್ದಳು. ಅಂದು ಹಿಂದೆ ಬಂದ ತಂಡಗಳ ಮೇಲೆ ಪೊಲೀಸರು ಗಂಟೆಗಟ್ಟಲೆ ಕೈಮಾಡಿದರು. ನೂರಕ್ಕೂ ಹೆಚ್ಚು ಜನ ಬಂಧಿತರಾದರು. ಆ ದಿನಕ್ಕೆ ಕರಾಳ ಶುಕ್ರವಾರವೆಂದು ಹೆಸರಾಯಿತು. ಪಂಗಡದವರು ಹಿಂಸೆಯ ದಾರಿ ಹಿಡಿದಾಗ, 1911ರಲ್ಲಿ, ಆಕೆ ಅವರಿಂದ ದೂರವಾದಳು. ಮಗಳು ಲೂಯಿಸಾ ಮಾತ್ರ 1912ರಲ್ಲಿ ಸೆರೆಮನೆಯನ್ನೂ ಕಂಡು ಬಂದಳು. ಮಹಾಯುದ್ಧದಲ್ಲಿ ಹೆಂಗಸರೇ ನಡೆಸಿದ ಸೈನಿಕ ಆಸ್ಪತ್ರೆಯನ್ನು ಲಂಡನ್ನಿನಲ್ಲಿ ಸ್ಥಾಪಿಸಿ ತಾಯಿಯ ಹೆಸರನ್ನು ಉಳಿಸಿದಳು.

1917ರ ಡಿಸೆಂಬರ್ 17ರಂದು, 81 ವರ್ಷದವಳಾಗಿ, ಎಲಿಜಬೆತ್ ಆಲ್ಡ್‌ಬರೋದಲ್ಲಿ ಕಣ್ಣುಮುಚ್ಚಿದಳು. ಏಳು ವಾರ ಕಳೆದು, 1918ರ ಫೆಬ್ರವರಿ 6ರಂದು, ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟಿನ ಮತ ಬಂದಿತು. ಸೇಬಿನ ಮೇಜಿನ ಕೆಳಗೆ ಬಚ್ಚಿಟ್ಟ ಮನವಿಗೆ ಐವತ್ತೆರಡು ವರ್ಷಗಳ ಮೇಲೆ ಬಂದ ಉತ್ತರ ಅದು. ಕೇಳಲು ಆಕೆ ಇರಲಿಲ್ಲ. ಅದೂ ಮೂವತ್ತು ವರ್ಷ ದಾಟಿದವರಿಗೆ ಮಾತ್ರ. ಗಂಡಸರಿಗೆ ಸಮನಾದ ಮತ ಬಂದದ್ದು 1928ರಲ್ಲಿ. ಇಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಬಹಳ ಹಿಡಿಯಿತು. 1918ರ ಕಾಯಿದೆಯು ಯಾವ ಹೆಂಗಸರಿಗೆ ಮತ ಕೊಟ್ಟಿತು? ಸ್ಥಳೀಯ ಸರ್ಕಾರದ ಮತದಾರರಾಗುವ ಅರ್ಹತೆಯುಳ್ಳವರಿಗೆ, ಅಥವಾ ಅಂಥವರ ಹೆಂಡತಿಯರಿಗೆ. ಎಂದರೆ ಪಾರ್ಲಿಮೆಂಟಿನ ಮತವು ಊರಿನ ಮತದ ಅಡಿಪಾಯದ ಮೇಲೆಯೇ ಕಟ್ಟಲ್ಪಟ್ಟಿತು. ಐವತ್ತು ವರ್ಷ ಚರಂಡಿ, ಶಾಲೆ, ಬಡವರ ಗಂಜಿ ಇವುಗಳ ಲೆಕ್ಕ ನೋಡಿದ ಹೆಂಗಸರು, ಹೆಣ್ಣಿಗೆ ರಾಜ್ಯಭಾರ ತಿಳಿಯದೆಂಬ ಮಾತನ್ನು ಬಾಯಿಂದಲ್ಲ, ಕೆಲಸದಿಂದ ಸುಳ್ಳು ಮಾಡಿದ್ದರು. ಮನೆ ಗೆದ್ದು ಮಾರು ಗೆಲ್ಲು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮನೆಗೂ ಮಾರಿಗೂ ನಡುವೆ ಊರು ಇದೆಯೆಂಬುದನ್ನು ನಾನು ಈ ಚರಿತ್ರೆಯಿಂದ ಕಲಿತೆ.

ನಮ್ಮ ನಾಡಿನಲ್ಲಿ ಈ ಹಾದಿ ಬೇರೆ ರೀತಿಯಾಗಿ ಬಂದಿತು. ಸ್ವತಂತ್ರ ಭಾರತದ ಸಂವಿಧಾನವು ಗಂಡು ಹೆಣ್ಣೆಂಬ ಭೇದವಿಲ್ಲದೆ ಒಮ್ಮೆಗೇ ಮತವನ್ನು ಕೊಟ್ಟಿತು. ಮತ ಬಂದರೂ ಕುರ್ಚಿ ಬರಲಿಲ್ಲ. ಕರ್ನಾಟಕದ 1983ರ ಪಂಚಾಯಿತಿ ಶಾಸನವು ನಾಲ್ಕರಲ್ಲೊಂದು ಸ್ಥಾನವನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆಗಳಾದವು. 1993ರ ಶಾಸನ ಅದನ್ನು ಮೂರರಲ್ಲೊಂದಕ್ಕೆ ಏರಿಸಿತು; 2010ರಲ್ಲಿ ಅರ್ಧಕ್ಕೆ ಏರಿತು. ಎಲಿಜಬೆತ್‌ಳಿಗೆ ಕುಳಿತುಕೊಳ್ಳುವ ಶಕ್ತಿಯಿತ್ತು, ಕುರ್ಚಿಗಾಗಿ ಕಾಯಬೇಕಾಯಿತು. ನಮ್ಮ ಹಳ್ಳಿಯ ಹೆಂಗಸರಿಗೆ ಕಾಯಿದೆ ಕುರ್ಚಿಯನ್ನು ಹಾಕಿಟ್ಟಿದೆ. ಎಷ್ಟೋ ಕಡೆ ಅದರಲ್ಲಿ ಬೇರೊಬ್ಬರು ಕುಳಿತಿದ್ದಾರೆ.

ಕಳೆದ ರಜೆಯಲ್ಲಿ ಈ ಕಥೆಯನ್ನು ಅತ್ತೆಗೆ ಹೇಳಿದೆ. ಅಕ್ಕಿ ಆರಿಸುತ್ತ ಕೇಳಿದಳು. ವೈದ್ಯಪರೀಕ್ಷೆ, ಪ್ಯಾರಿಸ್ಸು, ಪಾರ್ಲಿಮೆಂಟು ಇವುಗಳಿಗೆಲ್ಲ ಸುಮ್ಮನೆ ಹೂಂಗುಟ್ಟಿದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: ಶಾಲಾಮಂಡಲಿಯ ಸಭೆಗೆ ಆಕೆಯ ಬದಲು ಗಂಡ ಹೋಗುತ್ತಿದ್ದನೋ? ಇಲ್ಲವೆಂದೆ. ಮತ ಕೇಳಲು ಆತ ಮುಂದಾಳಾಗಿ ನಿಂತನು, ಆದರೆ ಕುರ್ಚಿಯಲ್ಲಿ ಕುಳಿತವಳು ಆಕೆಯೇ ಎಂದೆ. ಅತ್ತೆ ಮೊರದಲ್ಲಿದ್ದ ಅಕ್ಕಿಯನ್ನು ಇನ್ನೊಮ್ಮೆ ಕೇರಿದಳು; ಮಾತಾಡಲಿಲ್ಲ.

ಮುಂದಿನ ಸಭೆಯ ದಿನ ಬೆಳಗ್ಗೆ ಅವಳು ಒಳ್ಳೆಯ ಸೀರೆಯುಟ್ಟು, ನನ್ನನ್ನು ಜೊತೆಗೆ ಕರೆದಳು. ಮಾವ ಜಗಲಿಯ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ತಲೆಯೆತ್ತಿ ನೋಡಿದನು. ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ. ಕಿಟಕಿಯಿಂದ ಒಳಗಿನ ಮಾತು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅತ್ತೆಯ ದನಿ ಬಂದಿತು. ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಗೃಹಕ್ಕೆ ಬಾಗಿಲಿಲ್ಲವೆಂದೂ, ಮೂರು ಹುಡುಗಿಯರು ಅದಕ್ಕಾಗಿಯೇ ಶಾಲೆ ಬಿಟ್ಟಿರುವರೆಂದೂ ಹೇಳಿದಳು. ದನಿ ನಡುಗುತ್ತಿತ್ತು. ಒಳಗೆ ಸ್ವಲ್ಪ ಹೊತ್ತು ಮೌನ. ಆಮೇಲೆ ಯಾರೋ ಅದನ್ನು ಬರೆದುಕೊಳ್ಳುವಂತೆ ಹೇಳಿದರು. ಅಂದು ನಡವಳಿಯ ಪುಸ್ತಕ ಮನೆಗೆ ಬರಲಿಲ್ಲ. ಅತ್ತೆ ಅಲ್ಲಿಯೇ ರುಜು ಹಾಕಿ ಬಂದಳು.

ಸಹಪಾಠಿಗಳೇ, ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ನಮ್ಮ ನಮ್ಮ ಊರುಗಳಲ್ಲಿ ಇಂಥ ಅತ್ತೆಯರು, ತಾಯಂದಿರು, ಅಕ್ಕಂದಿರು ಇದ್ದಾರೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಡವಳಿಯ ಪುಸ್ತಕ ಯಾರ ಮನೆಯಲ್ಲಿ ರುಜುವಾಗುತ್ತಿದೆಯೆಂದು ವಿಚಾರಿಸೋಣ. ನಮ್ಮ ತಾಯಂದಿರ ಜೊತೆಯಲ್ಲಿ ಸಭೆಯ ಬಾಗಿಲವರೆಗೆ ನಡೆದು ಹೋಗೋಣ. ಒಳಗೆ ಹೋಗಬೇಕಾದವರು ಅವರು. ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವುದಕ್ಕೆ ನಾವಿದ್ದೇವೆ. ಎಲಿಜಬೆತ್ ಗ್ಯಾರೆಟ್ ಆಂಡರ್ಸನ್‌ಳ ನೆನಪಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆಯನ್ನು ನಾನು ಅರಿಯೆ.